ಬೆಳ್ಳಿ ಪರದೆಯ ಮೇಲೆ ಹುರುಳಿ

ಹಿಂದೆ ಬಿಳಿ ಜೀಪು.

ಕನ್ನಡಿಯಲ್ಲಿ ಅದರ ಬಂಪರ್ ಮಾತ್ರ ಕಾಣುತ್ತಿತ್ತು. ಅಷ್ಟು ಹತ್ತಿರ.

ಠಕ್ ಎಂದು ಒಮ್ಮೆ ಗುದ್ದಿತು. ನನ್ನ ವ್ಯಾನಿನ ಹಿಂಭಾಗದಲ್ಲಿದ್ದ ಏಣಿ, ಹಗ್ಗ, ಸ್ಪ್ರಿಂಗಿನ ಡಬ್ಬಿ ಎಲ್ಲವೂ ಒಟ್ಟಿಗೆ ಎದ್ದು ಒಟ್ಟಿಗೆ ಬಿದ್ದವು.

ಬೆಳಿಗ್ಗೆ ಹನ್ನೊಂದೂ ಹತ್ತು. ಶ್ರೀನಿವಾಸಪುರದಿಂದ ರಾಯಲ್ಪಾಡಿಗೆ ಹೋಗುವ ರಸ್ತೆ. ಎರಡೂ ಕಡೆ ಮಾವಿನ ತೋಪು. ಸ್ಪೀಡು ಎಪ್ಪತ್ತು. ನನ್ನ ವ್ಯಾನು ಎಪ್ಪತ್ತನ್ನು ಕಂಡದ್ದು ಅದೇ ಮೊದಲು.

ಫೋನ್ ಹೊಡೆದುಕೊಂಡಿತು. ಸ್ಪೀಕರ್ ಹಾಕಿದೆ.

"ಸುನಂದಮ್ಮ, ಗಾಡಿ ನಿಲ್ಸು."

"ಬ್ರೇಕ್ ಸರಿಯಿಲ್ಲ ಮುನಿಕೃಷ್ಣಪ್ಪ."

"ತಮಾಷೆ ಬೇಡ. ನನ್ನ ಸೀಟ್ ಮೇಲೆ ಮಚ್ಚೈತೆ."

"ಮಾವು ಹೂ ಬಿಡೋ ಕಾಲದಲ್ಲಿ ಯಾರಾದ್ರೂ ಕೊಂಬೆ ಸವರ್ತಾರಾ?"

"ಕೊಂಬೆ ಅಲ್ಲ. ಆ ಪರದೆ. ನಿನಗಿಂತ ಮುಂಚೆ ನನ್ನ ಕೈಗೆ ಸಿಗ್ಲಿ... ರಿಬ್ಬನ್ ಮಾಡಿ ಹಂಚ್ತೀನಿ."

ಫೋನ್ ಕಟ್ ಮಾಡಿದೆ. ಗೇರ್ ಬದಲಿಸಿದೆ.

ಒಂದು ಮಾತು ಹೇಳಲೇ? ಐವತ್ತಮೂರನೆಯ ವಯಸ್ಸಿನಲ್ಲಿ ಭಯಕ್ಕೂ ಸಂತೋಷಕ್ಕೂ ಎದೆ ಒಂದೇ ಥರ ಹೊಡೆದುಕೊಳ್ಳುತ್ತದೆ. ನನಗೆ ನಗು ಬರುತ್ತಿತ್ತು. ಮನೆಯಲ್ಲಿ ಉಮೇಶ್, ಅಂದರೆ ನನ್ನ ಗಂಡ, ಯಾರಾದರೂ ಕೇಳಿದರೆ "ಅವಳು ಎಲ್ಲೋ ಬಟ್ಟೆ ಕಟ್ಟೋಕೆ ಹೋಗವ್ಳೆ" ಎನ್ನುತ್ತಾರೆ. ಈಗ ಬಂದು ನೋಡಬೇಕಿತ್ತು.

ಬಟ್ಟೆ ಕಟ್ಟುವುದೇ ನಮ್ಮ ಕಸುಬು, ಸುಳ್ಳಲ್ಲ. ನಮ್ಮಪ್ಪ ಟೆಂಟ್ ಸಿನಿಮಾಕ್ಕೆ ಮಾರ್ಕಿನ್ ಎಂಬ ಒರಟು ಹತ್ತಿ ಬಟ್ಟೆ ಹೊಲಿದು, ನೀಲಿ ಹಾಕಿ ಒಗೆದು, ಬಿದಿರಿಗೆ ಬಿಗಿದು ನಿಲ್ಲಿಸುತ್ತಿದ್ದರು. ಗಾಳಿ ಬಂದರೆ ನಾಯಕಿಯ ಮುಖ ಉಬ್ಬುತ್ತಿತ್ತು. ಆಮೇಲೆ ಸುಣ್ಣದ ಗೋಡೆ ಬಂತು. ಗೋಡೆಗೆ ಅಲ್ಯುಮಿನಿಯಂ ಪುಡಿಯ ಬಣ್ಣ ಬಂತು. ನನ್ನ ಕಾಲಕ್ಕೆ ಪ್ಲಾಸ್ಟಿಕ್ ಪರದೆ. ಅದರ ಮೈತುಂಬ ಸಾಸಿವೆಗಿಂತ ಸಣ್ಣ ತೂತು, ಹಿಂದೆ ಇಟ್ಟ ಸ್ಪೀಕರಿನ ದನಿ ಹಾದುಬರಲಿ ಎಂದು. ಈಗ ಮಾಲೂರಿನ ಹೊಸ ವಿಲ್ಲಾಗಳಿಗೆ ಬೂದು ಬಣ್ಣದ, ಹೆಚ್ಚುಕಡಿಮೆ ಕಪ್ಪೇ ಎನ್ನಿಸುವ ಪರದೆ ಹಾಕುತ್ತೇನೆ. ಹಗಲಲ್ಲಿ ಕಿಟಕಿ ತೆರೆದಿದ್ದರೂ ಚಿತ್ರ ಕಾಣುತ್ತದೆ. ಮೇಲಿನ ಬೆಳಕನ್ನೆಲ್ಲ ನುಂಗಿ, ಬೇಕಾದ ಬೆಳಕನ್ನು ಮಾತ್ರ ವಾಪಸ್ ಕೊಡುವ ಪರದೆ ಅದು. "ಅಂಥ ಸೊಸೆ ಸಿಕ್ಕಿದ್ರೆ ಸಾಕಿತ್ತು ಕಣ್ರೀ" ಎಂದರು ಲಕ್ಕೂರಿನ ಕಡೆಯ ಒಬ್ಬ ಗಿರಾಕಿ. ನಾನು ಇನ್ನೊಂದು ಸ್ಕ್ರೂ ಬಿಗಿಮಾಡಿದೆ.

ಪರದೆ ಹರಿದರೆ, ಇಲಿ ಕಡಿದರೆ, ಕಳೆದುಹೋದರೆ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲಿಂದಲೂ ನನಗೇ ಫೋನ್.

ಆ ದಿನ ಬೆಳಿಗ್ಗೆ ಏಳೂವರೆಗೆ ಬಂದದ್ದು ಶ್ರೀನಿವಾಸಪುರದ ಫೋನ್.

"ಸುನಂದಾ, ಪರದೆ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ ಕಣೇ. ಮರದ ಚೌಕಟ್ಟೈತೆ. ನಡುವೆ ಏನೂ ಇಲ್ಲ."

ವೆಂಕಟರತ್ನಮ್ಮನ ದನಿ. ವರದಾದ್ರಿ ಟಾಕೀಸಿನ ಒಡತಿ, ಅರವತ್ತೈದು ವಯಸ್ಸು. ನಾನು ಮುಳಬಾಗಿಲಿನ ಮನೆಯಲ್ಲಿ ಉಪ್ಪಿಟ್ಟಿನ ಬಾಣಲೆಯನ್ನು ಹಾಗೇ ಬಿಟ್ಟು ವ್ಯಾನ್ ಹತ್ತಿದೆ.

ಹಿಂದಿನ ದಿನವಷ್ಟೇ ಆ ಪರದೆಯನ್ನು ನನ್ನ ಕೈಯಾರೆ ಕಟ್ಟಿದ್ದೆ. ಮೂವತ್ತೆರಡು ಅಡಿ ಉದ್ದ, ಹದಿನಾಲ್ಕು ಅಡಿ ಎತ್ತರ. ಕೋಲಾರದ ಒಂದು ಥಿಯೇಟರು ಹೊಸದು ಹಾಕಿಸಿಕೊಂಡಾಗ ಬಿಚ್ಚಿದ ಮಾಲು. ಬೆಳ್ಳಿ ಬಣ್ಣ ಬಳಿದ, ತ್ರೀಡಿ ಕಾಲದ ಪರದೆ. ಸೆಕೆಂಡ್ ಹ್ಯಾಂಡ್ ಆದರೂ ಮದುವಣಗಿತ್ತಿಯ ಹಾಗಿತ್ತು.

ನಾನು ಹೋದಾಗ ವೆಂಕಟರತ್ನಮ್ಮ ಖಾಲಿ ಚೌಕಟ್ಟಿನ ಎದುರು ಮೊದಲ ಸಾಲಿನಲ್ಲಿ ಕೂತಿದ್ದರು. ಹೊಸ ಸೀರೆ. ತಲೆಗೆ ಕನಕಾಂಬರ.

"ಅಕ್ಕಾ, ಟೈಮೆಷ್ಟಿದೆ?"

"ಎರಡೂವರೆಗೆ ದೊಡ್ಡಪ್ಪ ಬರ್ತಾರೆ."

ದೊಡ್ಡಪ್ಪ ಎಂದರೆ ದೊಡ್ಡವೆಂಕಟಪ್ಪ. ಎಂಬತ್ತೆಂಟು ವರ್ಷದ, ಆ ಮನೆತನದ ಹಿರಿಯ. ವೆಂಕಟರತ್ನಮ್ಮನ ಗಂಡ ತೀರಿಕೊಂಡ ಮೇಲೆ ಟಾಕೀಸು ನಾಲ್ಕು ವರ್ಷ ಮುಚ್ಚಿತ್ತು. ಅದನ್ನು ಕೆಡವಿ ಕಲ್ಯಾಣಮಂಟಪ ಕಟ್ಟಬೇಕೆಂದು ಮೈದುನ ಮುನಿಕೃಷ್ಣಪ್ಪ. ಮತ್ತೆ ಸಿನಿಮಾ ಹಾಕಬೇಕೆಂದು ಅತ್ತಿಗೆ. ಇಬ್ಬರ ಜಗಳ ಕೇಳಿ ಸಾಕಾಗಿ ದೊಡ್ಡವೆಂಕಟಪ್ಪ ಹೇಳಿಬಿಟ್ಟಿದ್ದರು: ಜನವರಿ ಹತ್ತು, ಮ್ಯಾಟನಿ ಟೈಮಿಗೆ ನಾನೇ ಬಂದು ಕೂರುತ್ತೇನೆ. ಸಿನಿಮಾ ಕಂಡರೆ ಟಾಕೀಸು ಇವಳದು. ಕಾಣದಿದ್ದರೆ ಅವನದು.

ಆ ದಿನವೇ ಜನವರಿ ಹತ್ತು.

"ಹೋದ್ರೆ ಹೋಗ್ಲಿ ಅನ್ಸುತ್ತೆ ಒಂದೊಂದ್ಸಲ," ಎಂದರು ಅವರು. "ಆದ್ರೆ ಒಂದೇ ಒಂದ್ಸಲ ಎದುರಿಗೆ ಕೂತು ನೋಡ್ಬೇಕಿತ್ತು ಕಣೇ."

ಇದು ನಿಮಗೆ ಗೊತ್ತಿರಲಿ. ಅವರ ಮನೆ ಟಾಕೀಸಿನ ಬೆನ್ನಿಗೆ. ಮನೆಯ ಹಿತ್ತಿಲ ಬಾಗಿಲು ತೆರೆದರೆ ಪರದೆಯ ಹಿಂಭಾಗ. ಒಡೆಯರ ಮನೆಯ ಹೆಂಗಸರು ಜನರ ನಡುವೆ ಕೂರಬಾರದು ಎಂಬುದು ಆ ಮನೆಯ ರೂಢಿ. ಸ್ಪೀಕರುಗಳ ಪಕ್ಕ ಚಾಪೆ ಹಾಸಿಕೊಂಡು, ಬಟ್ಟೆಯ ಕಾಲದಲ್ಲಿ ಬಟ್ಟೆಯಿಂದ, ಪ್ಲಾಸ್ಟಿಕ್ಕಿನ ಕಾಲದಲ್ಲಿ ತೂತುಗಳಿಂದ ಒಸರಿ ಬಂದಷ್ಟು ಚಿತ್ರ ನೋಡಬೇಕು. ಮದುವೆಯಾಗಿ ಬಂದ ದಿನದಿಂದ ನಲವತ್ತೆರಡು ವರ್ಷ ಅವರು ನೋಡಿದ ಪ್ರತಿ ಸಿನಿಮಾವೂ ಮಸುಕು. ಪ್ರತಿಯೊಂದೂ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ನಾನು ಅವರ ಪಕ್ಕ ಕೂರಲಿಲ್ಲ. ಕೂತರೆ ಅಳು ಬರುತ್ತಿತ್ತು. ಎದ್ದು ಚೌಕಟ್ಟು ನೋಡಿದೆ.

ಬೀಗ ಒಡೆದಿರಲಿಲ್ಲ. ಹಿಂಬಾಗಿಲಿನ ಇನ್ನೊಂದು ಕೀ ಮೈದುನನ ಹತ್ತಿರ. ಅದು ಸರಿ. ಆದರೆ ಅವನ ಬಿಳಿ ಶರ್ಟಿಗೆ ಮಸಿ ತಾಗುವ ಕೆಲಸ ಅವನು ಮಾಡುವವನಲ್ಲ.

ನೆಲದ ಮೇಲೆ ಬಿಟ್ಟುಹೋದ ಒಂದು ಮಾರು ಹಗ್ಗ. ಅದರ ತುದಿಯಲ್ಲಿ ಒಂದು ಗಂಟು. ಎಷ್ಟು ಜಗ್ಗಿದರೂ ಬಿಗಿ, ತುದಿ ಹಿಡಿದು ಒಮ್ಮೆ ಎಳೆದರೆ ಪೂರ್ತಿ ಸಡಿಲ. ಟೊಮೆಟೊ ಕ್ರೇಟು ಕಟ್ಟುವ ಟೆಂಪೊದವರ ಗಂಟು. ಮುನಿಕೃಷ್ಣಪ್ಪನ ತೋಟದ ಲೋಡು ಹೊಡೆಯುವ ಟೆಂಪೊ ಒಂದೇ.

ಅದನ್ನು ಓಡಿಸುವ ಕದಿರೇಶ ಬಸ್ ಸ್ಟ್ಯಾಂಡಿನ ಹಿಂದೆ ಟೀ ಕುಡಿಯುತ್ತಿದ್ದ. ಮೂವತ್ತೈದರ ಗಟ್ಟಿ ಆಳು. ನಾನು ಹಗ್ಗವನ್ನು ಅವನ ಗ್ಲಾಸಿನ ಪಕ್ಕ ಇಟ್ಟೆ.

"ನಿಂದೇನಾ?"

ನೋಡಿದ. ಗ್ಲಾಸನ್ನು ಆಚೆ ಸರಿಸಿದ.

"ಹಗ್ಗ ಎಲ್ಲಾರ್ದೂ ಒಂದೇ ಥರ ಇರ್ತದೆ ಅಕ್ಕಾ."

"ಗಂಟು ಇರಲ್ಲ. ಎಲ್ಲಿ ಪರದೆ?"

"ಯಾವ ಪರದೆ?"

"ಕದಿರೇಶಾ, ನಿನ್ನ ಮೀಸೆ ಮೇಲೆ ಬೆಳ್ಳಿ ಪುಡಿ ಐತೆ."

ಕೈ ತಾನಾಗಿ ಮೀಸೆಗೆ ಹೋಯಿತು. ಪುಡಿ ಗಿಡಿ ಏನೂ ಇರಲಿಲ್ಲ. ಅವನಿಗೂ ತಡವಾಗಿ ಗೊತ್ತಾಯಿತು.

"ಅಯ್ಯೋ... ಅವ್ರು ಟಾರ್ಪಾಲು ಅಂದ್ರು ಅಕ್ಕಾ. ಹಳೇ ಟಾರ್ಪಾಲು, ಎಲ್ಲಾದ್ರೂ ದೂರ ಎಸೆದು ಬಾ ಅಂದ್ರು."

"ಎಸೆದ್ಯಾ?"

"ಅಷ್ಟು ಒಳ್ಳೆ ಮಾಲು ಯಾರು ಎಸೀತಾರೆ? ನಮ್ಮತ್ತೆಗೆ ಕೊಟ್ಟೆ. ಅಳಿಯ ಬರಿಗೈಲಿ ಬರ್ತಾನೆ ಅಂತ ಹತ್ತು ವರ್ಷದಿಂದ ಊರೆಲ್ಲಾ ಹೇಳ್ಕೊಂಡು ತಿರುಗ್ತಾಳೆ. ಬೆಳಿಗ್ಗೇನೇ ಹೋಗಿ ಕೊಟ್ಬಂದೆ. ಮೊದಲ ಸಲ ನನಗೆ ಚಾಪೆ ಹಾಸಿದ್ಲು."

"ಎಲ್ಲಿ?"

"ರಾಯಲ್ಪಾಡು ಇನ್ನೂ ನಾಲ್ಕು ಕಿಲೋಮೀಟರ್ ಇದ್ದಂಗೆ. ಆಂಜಿನಮ್ಮ ಅಂದ್ರೆ ಯಾರಾದ್ರೂ ತೋರಿಸ್ತಾರೆ."

ನಾನು ವ್ಯಾನ್ ತಿರುಗಿಸುವಾಗ ಅವನು ಫೋನ್ ತೆಗೆಯುತ್ತಿದ್ದದ್ದು ಕಂಡಿತು. ಒಡೆಯನ ಭಯ ಯಾರನ್ನು ಬಿಟ್ಟಿದೆ? ಇಪ್ಪತ್ತೇ ನಿಮಿಷ. ಬಿಳಿ ಜೀಪು ನನ್ನ ಬೆನ್ನಿಗೆ ಬಿತ್ತು.

ಅಲ್ಲಿಗೇ ಬಂದೆವು ನೋಡಿ. ಸ್ಪೀಡು ಎಪ್ಪತ್ತು. ಎರಡನೇ ಸಲ ಗುದ್ದಿದ.

ತಿರುವು. ತಿರುವಿನ ಆಚೆ...

ರಸ್ತೆ ತುಂಬ ಹುರುಳಿ.

ನಮ್ಮ ಕಡೆ ಜನವರಿಯಲ್ಲಿ ರಸ್ತೆಯೇ ಕಣ. ಒಣಗಿದ ಹುರುಳಿ ಗಿಡವನ್ನು ಟಾರಿನ ಮೇಲೆ ಹರವಿಬಿಟ್ಟರೆ ಬಸ್ಸು, ಲಾರಿ, ಎಮ್ಮೆ ಎಲ್ಲ ತುಳಿದು ಕಾಳು ಬಿಡಿಸಿ ಕೊಡುತ್ತವೆ. ಅದರ ಮೇಲೆ ಬ್ರೇಕ್ ಹಾಕಬಾರದು. ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನಾನು ಕಾಲೆತ್ತಿ, ಸ್ಟೀರಿಂಗ್ ನೆಟ್ಟಗೆ ಹಿಡಿದು ಸುಮ್ಮನೆ ತೇಲಿದೆ. ಚರಚರ ಸದ್ದು. ದಾಟಿದೆ.

ಮುನಿಕೃಷ್ಣಪ್ಪ ಸಿಟ್ಟಿನಲ್ಲಿದ್ದ. ಸಿಟ್ಟಿನಲ್ಲಿರುವವನು ಬ್ರೇಕ್ ಹಾಕುತ್ತಾನೆ.

ಕಾಳಿನ ಮೇಲೆ ಜೀಪು ಬುಗುರಿಯಾಯಿತು. ಒಂದು ಸುತ್ತು. ಇನ್ನರ್ಧ. ಹಿಂದುಹಿಂದಾಗಿಯೇ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಇಳಿದು, ಗಿಡಗಳ ನಡುವೆ ಕೂತುಬಿಟ್ಟಿತು.

ನಾನು ಇಳಿದು ಓಡಿಬಂದೆ. ನನ್ನ ಚಕ್ರ ಹುರುಳಿಯನ್ನು ಸರಿಸಿದ ಜಾಗದಲ್ಲಿ ಏನೋ ಹೊಳೆಯುತ್ತಿತ್ತು.

ಬೆಳ್ಳಿ.

ಬೆಳಗಿನಿಂದ ಹುಡುಕಿದ ಪರದೆಯ ಮೇಲೆ ನಾನೇ ವ್ಯಾನ್ ಓಡಿಸಿದ್ದೆ.

"ಎವರಮ್ಮಾ ಮೀರು? ಯಾರು ನೀವು?" ಕವೆಗೋಲು ಹಿಡಿದ ಒಂದು ಹೆಂಗಸು ಬಂದಳು. ಹಿಂದೆ ಇನ್ನೂ ನಾಲ್ವರು ಕೂಲಿ ಹೆಂಗಸರು, ತಲೆಗೆ ಟವೆಲ್.

"ಆಂಜಿನಮ್ಮನೋರಾ? ಇದು ಸಿನಿಮಾ ಪರದೆ. ನಿಮ್ಮ ಅಳಿಯ ತಿಳೀದೆ ತಂದವ್ನೆ."

"ಸಿನಿಮಾದ್ದಾ?" ಅವಳು ಕಾಲಿನಿಂದ ಹುರುಳಿ ಸರಿಸಿ ನೋಡಿದಳು. "ಅದಕ್ಕೇ ಇಷ್ಟು ತೂತು. ಅಳಿಯ ಕೊಟ್ಟಿದ್ದು ತೂತಿಂದೇ ಅಂತ ನಗ್ತಾ ಇದ್ವಿ. ನಂದು ಹಳೇ ಟಾರ್ಪಾಲು ಹರಿದೋಗಿತ್ತು. ಅದನ್ನ ಕೆಳಗೆ ಹಾಸಿ ಇದನ್ನ ಮೇಲೆ ಹಾಸ್ದೆ. ಎರಡೂ ಸೇರಿ ಒಂದಾಯ್ತು."

"ಅಡ್ಡ ನಿಲ್ಬೇಡಿ!"

ಮುನಿಕೃಷ್ಣಪ್ಪ. ಪಂಚೆ ಎತ್ತಿ ಕಟ್ಟಿ, ಗಿಡಗಳನ್ನು ದಾಟಿ ಬರುತ್ತಿದ್ದ. ಕೈಯಲ್ಲಿ ಮಚ್ಚು. ನೇರ ಬಂದು ಪರದೆಯ ಅಂಚಿನಲ್ಲಿ ಕೂತು ಮಚ್ಚನ್ನು ಎತ್ತಿದ.

ನಾನು ಓಡಿದರೆ ಹತ್ತು ಹೆಜ್ಜೆ. ತಡವಾಗುತ್ತಿತ್ತು.

"ಏಮಯ್ಯಾ," ಎಂದಳು ಆಂಜಿನಮ್ಮ, ದನಿ ಏರಿಸದೆ. "ಆ ಮಚ್ಚು ಕೊಡು ಇಲ್ಲಿ. ಗಿಡದ ಕೊಂಬೆ ಮುರಿದು ಜೋತಾಡ್ತಾ ಐತೆ. ಸವರ್ಬೇಕು."

ಅವನು ಕೊಟ್ಟುಬಿಟ್ಟ.

ನಗಬೇಡಿ. ನಮ್ಮ ಕಡೆ ಹೊಲದಲ್ಲಿ ಕೆಲಸಕ್ಕೆಂದು ಕೈ ಚಾಚಿದರೆ ಮಚ್ಚು, ಕುಡುಗೋಲು ಯಾವುದನ್ನೂ ಇಲ್ಲ ಎನ್ನುವುದಿಲ್ಲ. ಹುಟ್ಟಿದಾಗಿನಿಂದ ಬಂದ ರೂಢಿ, ಬುದ್ಧಿಗಿಂತ ಮುಂಚೆ ಕೈಯೇ ಕೊಟ್ಟುಬಿಡುತ್ತದೆ. ಕೊಟ್ಟಮೇಲೆ ತನ್ನ ಖಾಲಿ ಕೈಯನ್ನೇ ನೋಡಿಕೊಂಡ.

ಆಂಜಿನಮ್ಮ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಈಗ ಹೇಳು. ನನ್ನ ಎಂಟು ಗಿಡ ಹೋದ್ವು. ಮನೇಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದು, ಪೊರೆ ಬಿಟ್ಟು ಹಸಿದು ಕೂತವೆ. ಸಾಯಂಕಾಲ ಸೊಪ್ಪಿಗೆ ಏನ್ ಮಾಡ್ಲಿ?"

"ಅದು ಆಮೇಲೆ. ಈ ಪರದೆ ನಂದು."

"ನಿಂದಾದ್ರೆ ನನ್ನ ಅಳಿಯ ಕದ್ದಂಗಾಯ್ತಲ್ಲ?"

"ಕದ್ದಿಲ್ಲ. ನಾನೇ ಬಿಚ್ಚಿಕೊಂಡು ಹೋಗು ಅಂದಿದ್ದು."

"ಅತ್ತಿಗೆ ಕಟ್ಟಿಸಿದ ಪರದೇನಾ?" ಎಂದೆ ನಾನು.

ಐದು ಹೆಂಗಸರೂ ಅವನನ್ನು ನೋಡಿದರು. ಅವನು ಹಿಪ್ಪುನೇರಳೆ ನೋಡಿದ.

ನಾನು ಆಂಜಿನಮ್ಮನಿಗೆ ವೆಂಕಟರತ್ನಮ್ಮನ ಚಾಪೆಯ ಕತೆ ಹೇಳಿದೆ. ನಾಲ್ಕೇ ಮಾತಿನಲ್ಲಿ. ಎರಡೂವರೆಯ ಗಡುವನ್ನೂ ಹೇಳಿದೆ. ಅವಳು ಕೇಳಿ, ಒಂದು ಹುರುಳಿ ಕಾಳನ್ನು ಹಲ್ಲಲ್ಲಿ ಕಡಿದು ನೋಡಿ, ಉಗಿದಳು.

"ನಲವತ್ತೆರಡು ವರ್ಷ ಹಿಂದೆ ಕೂತಿದ್ಲಾ? ಟಾಕೀಸು ಅವಳದೇ ಆಗಿದ್ದೂ?"

"ಹೂಂ."

"ಕಾಸು ಕೊಟ್ಟು ನಾನೇ ಮುಂದೆ ಕೂತಿದೀನಲ್ಲೇ ಯಮ್ಮೋ." ಕೂಲಿಯವರ ಕಡೆ ತಿರುಗಿದಳು. "ಬಾಚ್ರೇ. ಬೇಗ."

ಏಳು ಜನ ಬಾಚಿದೆವು. ಹೌದು, ಏಳು. ಮುನಿಕೃಷ್ಣಪ್ಪನ ಕೈಗೂ ಯಾರೋ ಪೊರಕೆ ಕೊಟ್ಟಿದ್ದರು. ಬರಿಗೈಯಲ್ಲಿ ನಿಂತ ಗಂಡಸು ಕೊಟ್ಟದ್ದನ್ನು ಹಿಡಿದುಕೊಳ್ಳುತ್ತಾನೆ.

ಆದರೆ ಹುರುಳಿಯನ್ನು ರಸ್ತೆಯಲ್ಲಿ ಬಿಟ್ಟು ಬರಲು ಆಂಜಿನಮ್ಮ ಒಪ್ಪಲಿಲ್ಲ. ಮೂರು ಮೂಟೆ, ಒಂದು ಮೊರ, ಅವಳು, ಪರದೆ, ಎಲ್ಲ ನನ್ನ ವ್ಯಾನಿನಲ್ಲಿ. ಕೂಲಿ ಹೆಂಗಸರನ್ನು ಜೀಪಿಗೆ ಕಾವಲಿಟ್ಟಳು. "ಸೊಪ್ಪು ತಂದ್ಕೊಡೋವರೆಗೂ ಬಿಡ್ಬೇಡ್ರೇ."

ಒಂದೂಕಾಲಿಗೆ ಟಾಕೀಸು. ಪರದೆ ಬಿಚ್ಚಿದೆ.

ಮಂಡಿಯೂರಿ ನೋಡಿದೆ.

ಬೆಳ್ಳಿಯ ಮೇಲೆ ಚಕ್ರದ ಗುರುತು. ನನ್ನದು, ಜೀಪಿಂದು, ಮಾರ್ನಿಂಗ್ ಬಸ್ಸಿಂದು. ಬೆಳ್ಳಿ ಪರದೆಯನ್ನು ಒರೆಸಬಾರದು, ಒರೆಸಿದ ಗುರುತೇ ಕಲೆಗಿಂತ ಜೋರಾಗಿ ಹೊಳೆಯುತ್ತದೆ. ಮೂವತ್ತು ವರ್ಷದ ಕಸುಬು ನನಗೆ ಹೇಳಿದ್ದು ಒಂದೇ, ಮುಗೀತು.

ವೆಂಕಟರತ್ನಮ್ಮ ಬಂದು ನಿಂತರು. ಕಲೆ ನೋಡಲಿಲ್ಲ. ಬಗ್ಗಿ, ಒಂದು ಮೂಲೆಯನ್ನು ಎತ್ತಿ, ಹಿಂದಿನ ಮೈಯನ್ನು ಮುಟ್ಟಿದರು.

"ಈ ಕಡೆ ಚೆನ್ನಾಗೈತಲ್ಲೇ."

ನಾನು ನೋಡಿದೆ. ಬಣ್ಣ ಬಳಿಯದ ಬರೀ ಬಿಳುಪು. ಒಂದು ಗೀರಿಲ್ಲ. ಆಂಜಿನಮ್ಮನ ಹರಕು ಟಾರ್ಪಾಲು ಅದನ್ನು ಕಾದಿತ್ತು. ನಾನು ಪರದೆಯ ಮುಖವನ್ನೇ ನೋಡಿ ಬದುಕಿದವಳು. ಬೆನ್ನಿಗೂ ಮುಖವಿದೆ ಎಂದು ಹೊಳೆಯಲು ಬೆನ್ನು ನೋಡಿ ಬದುಕಿದವಳೇ ಬೇಕಾಯಿತು.

"ಅಕ್ಕಾ, ಹೊಳಪು ಕಮ್ಮಿ ಇರ್ತದೆ."

"ಇರ್ಲಿ."

"ಆದ್ರೆ ಬೆಳ್ಳಿ ನಡುವೆ ಕೂತವರಿಗೆ ಮಾತ್ರ ಹೊಳೆಯೋದು. ಬಿಳುಪು ಮೂಲೇಲಿ ಕೂತವರಿಗೂ ಅಷ್ಟೇ ಕೊಡ್ತದೆ."

"ಮತ್ತೆ ಇನ್ನೇನು? ಕಟ್ಟು."

ಕದಿರೇಶ ತಲೆ ತಗ್ಗಿಸಿಕೊಂಡು ಬಂದ. ಅತ್ತೆಯನ್ನು ಕಂಡು ಇನ್ನೂ ತಗ್ಗಿಸಿದ. ಏಣಿ ಹಿಡಿ ಎಂದೆ. ನೂರಾ ಹತ್ತು ಸ್ಪ್ರಿಂಗು. ಮಂಡಿ ಕೂಗಿತು. ಬೆರಳು ಸೀಳಿತು. ಎರಡೂ ಇಪ್ಪತ್ತೈದಕ್ಕೆ ಕೊನೆಯದನ್ನು ಸಿಕ್ಕಿಸಿದೆ.

ದೊಡ್ಡವೆಂಕಟಪ್ಪ ಬಂದು ನಡುವೆ ಕೂತಿದ್ದರು, ಕೈಗಡಿಯಾರ ಕಣ್ಣಿಗೆ ಹಿಡಿದು. ಹಿಂದೆ ಮುನ್ನೂರು ಜನ. ನಾಲ್ಕು ವರ್ಷದ ಹಸಿವು. ವೆಂಕಟರತ್ನಮ್ಮ ಮೊದಲ ಸಾಲಿನಲ್ಲಿ, ಒಬ್ಬರೇ.

ದೀಪ ಆರಿತು. ಅವರು ಮದುವೆಯಾಗಿ ಬಂದ ವರ್ಷದ ಒಂದು ಹಳೆಯ ಪ್ರೇಮಕತೆ. ಚಿತ್ರ ಬಂತು. ಬಿಳುಪಿನ ಮೇಲೆ ಮೃದುವಾಗಿ, ಅಂಚಿನಿಂದ ಅಂಚಿಗೆ.

ದನಿ ಬರಲಿಲ್ಲ. ಬಂತು, ಆದರೆ ಕಂಬಳಿ ಹೊದ್ದುಕೊಂಡವನ ಹಾಗೆ ಗೊಣಗಿತು.

ತೂತುಗಳು... ಹುರುಳಿ ಹೊಟ್ಟು.

ಹಿತ್ತಿಲ ಬಾಗಿಲಿನಿಂದ ಪರದೆಯ ಹಿಂದಕ್ಕೆ ಓಡಿದೆ. ಆಂಜಿನಮ್ಮ ಅಲ್ಲೇ ಕೂತು ನಿಶ್ಚಿಂತೆಯಿಂದ ಹುರುಳಿ ಕೇರುತ್ತಿದ್ದಳು.

"ಆಂಜಿನಮ್ಮ, ತೂತು ಕಟ್ಕೊಂಡೈತೆ. ಬೀಸಿ."

"ಸಿನಿಮಾಕ್ಕಾ?"

"ಪರದೆಗೆ. ಜೋರಾಗಿ."

ಅವಳು ಎದ್ದಳು. ಮೊರ ಹಿಡಿದಳು. ನಲವತ್ತು ಸುಗ್ಗಿ ಕಂಡ ತೋಳು. ಬೀಸಿದಳು ನೋಡಿ... ಪರದೆಯ ಉದ್ದಕ್ಕೂ ಗಾಳಿ ಓಡಿತು. ಹೊಟ್ಟು ತೂತುಗಳಿಂದ ಹೊರಕ್ಕೆ, ಪ್ರೊಜೆಕ್ಟರಿನ ಬೆಳಕಿನೊಳಕ್ಕೆ ಹಾರಿತು. ನಾಯಕಿಯ ಸೆರಗಿನಿಂದ ಚಿನ್ನದ ಪುಡಿ ಉದುರಿದಂತೆ ಮುಂದಿನ ಸಾಲುಗಳ ಮೇಲೆ ಇಳಿಯಿತು.



"ಲೇ, ತ್ರೀಡಿ ಕಣ್ಲಾ!" ಯಾರೋ ಕೂಗಿದ. "ಕನ್ನಡಕ ಇಲ್ದೇನೇ!"

ಶಿಳ್ಳೆಗೆ ಚಾವಣಿಯ ಶೀಟು ಅದುರಿತು. ಆ ಶಿಳ್ಳೆಯ ನಡುವೆ ನಾಯಕನ ದನಿ ಸ್ವಚ್ಛವಾಗಿ ಹಾದುಬಂತು.

ನಾನು ಮುಂದೆ ಬರುವಷ್ಟರಲ್ಲಿ ಬಾಗಿಲು ತೆರೆಯಿತು. ಮುನಿಕೃಷ್ಣಪ್ಪ. ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದ. ಬಿಳಿ ಶರ್ಟಿನ ತುಂಬ ಹಿಪ್ಪುನೇರಳೆಯ ಹಸಿರು. ನೇರ ದೊಡ್ಡಪ್ಪನ ಎದುರು ಹೋಗಿ ನಿಂತ.

"ದೊಡ್ಡಪ್ಪಾ, ಇದು ಲೆಕ್ಕಕ್ಕಿಲ್ಲ. ಪರದೆ ಹಿಂದುಮುಂದಾಗೈತೆ..."

ದೊಡ್ಡವೆಂಕಟಪ್ಪ ಕೋಲಿನಿಂದ ಅವನ ಮೊಣಕಾಲನ್ನು ಪಕ್ಕಕ್ಕೆ ತಳ್ಳಿದರು.

"ಕೂತ್ಕೊಳ್ಲಾ. ಕಾಣಿಸ್ತಾ ಇಲ್ಲ."

ತೀರ್ಪು ಅಷ್ಟೇ. ಅವನಿಗೂ ಅರ್ಥವಾಯಿತು. ಖಾಲಿ ಇದ್ದ ಸೀಟಿನಲ್ಲಿ ಮೆಲ್ಲಗೆ ಕೂತ. ಹತ್ತು ನಿಮಿಷಕ್ಕೆ ಬಾಯಿ ತೆರೆದುಕೊಂಡು ನೋಡುತ್ತಿದ್ದ.

ನಾನು ವೆಂಕಟರತ್ನಮ್ಮನ ಪಕ್ಕ ಹೋಗಿ ಕೂತೆ. ಅವರ ಕನಕಾಂಬರದ ಮೇಲೆ ಹೊಟ್ಟು. ಅಳುತ್ತಿರಬಹುದು ಎಂದುಕೊಂಡೆ. ಇಲ್ಲ. ಹುಬ್ಬು ಗಂಟಿಕ್ಕಿಕೊಂಡು ನಾಯಕನನ್ನೇ ದಿಟ್ಟಿಸುತ್ತಿದ್ದರು.

"ಏನಕ್ಕಾ?"

"ಇವನ ಮಚ್ಚೆ ಆ ಕೆನ್ನೇಲಿತ್ತು."

"ಇಲ್ಲಕ್ಕಾ. ಯಾವಾಗ್ಲೂ ಈ ಕೆನ್ನೇಲೇ. ನೀವು ಹಿಂದಿನಿಂದ ನೋಡ್ತಿದ್ರಿ."

ತಲೆಯನ್ನು ಒಂದು ಬದಿಗೆ ವಾಲಿಸಿ ನೋಡಿದರು.

"ನನಗೆ ಆ ಕೆನ್ನೆಯವನೇ ಇಷ್ಟ ಇದ್ದ ಕಣೇ. ಏನಾದ್ರೂ ಮಾಡಕ್ಕಾಗುತ್ತಾ?"

ನಾನು ಬೆರಳಿನ ರಕ್ತ ಒರೆಸಿಕೊಂಡೆ.

"ಪರದೆ ತಿರುಗಿಸಿ ಕಟ್ಟಿಕೊಡ್ತೀನಿ ಅಕ್ಕಾ. ಗಂಡಸರನ್ನ ತಿರುಗಿಸೋ ಕೆಲಸ ನಾನು ಒಪ್ಕೊಳ್ಳಲ್ಲ."